ಸಿಂಗಾರ ಮಿಷನ್ನು

ಊರಿನ ಮನೆ ಪಾಲಾದ ದಿನ ಯಾರಿಗೂ ಬೇಡವಾಗಿ ಉಳಿದದ್ದು ಎರಡೇ ವಸ್ತು: ಹಿತ್ತಲಿನ ಒರಳುಕಲ್ಲು ಮತ್ತು ಅಜ್ಜಿಯ ಹೊಲಿಗೆ ಮಿಷನ್ನು. ಚಿಕ್ಕಪ್ಪಂದಿರು ತೆಂಗಿನ ಮರಗಳನ್ನು ಎಣಿಸಿಕೊಂಡರು, ಅತ್ತೆಯಂದಿರು ಹಿತ್ತಾಳೆ ಹಂಡೆಗಳನ್ನು ತೂಗಿಸಿಕೊಂಡರು. ಈ ಎರಡರ ಹತ್ತಿರ ಯಾರೂ ಸುಳಿಯಲಿಲ್ಲ. ಎತ್ತಿದವರ ಸೊಂಟ ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಒರಳುಕಲ್ಲು ಈಗಲೂ ಅಲ್ಲೇ ಮಳೆನೀರು ತುಂಬಿಕೊಂಡು ಕೂತಿದೆ. ಮಿಷನ್ನು ನನ್ನ ಹಿಂದೆ ಬೆಂಗಳೂರಿಗೆ ಬಂತು.

“ರೀ, ಎಲ್ಲಿಡ್ತೀರಿ ಇದನ್ನ?” ಎಂದಳು ಹೆಂಡತಿ. ಎರಡು ಬೆಡ್‌ರೂಮಿನ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆ. ಬಾಲ್ಕನಿಯಲ್ಲಿ ವಾಷಿಂಗ್ ಮಿಷನ್ನಿನ ಪಕ್ಕಕ್ಕೆ ತಳ್ಳಿ, ಒಗೆಯುವುದೂ ಹೊಲಿಯುವುದೂ ಅಕ್ಕಪಕ್ಕ ಇರಲಿ ಎಂದೆ. ಅವಳು ನಂಬಲಿಲ್ಲ. ನಾನೂ ನಂಬಿರಲಿಲ್ಲ. ಅಲ್ಲಿಯವರೆಗೆ ನಾನು ಸೂಜಿಗೆ ದಾರ ಪೋಣಿಸಿದ್ದು ಷರ್ಟಿನ ಗುಂಡಿ ಕಿತ್ತುಬಂದಾಗ ಮಾತ್ರ, ಅದೂ ಅವಳು ತವರಿಗೆ ಹೋಗಿದ್ದಾಗ.

ಅಜ್ಜಿ ಅದನ್ನು ಕರೆಯುತ್ತಿದ್ದದ್ದು ‘ಸಿಂಗಾರ ಮಿಷನ್ನು’ ಎಂದು. ಕಬ್ಬಿಣದ ಸ್ಟ್ಯಾಂಡಿನ ನಡುವೆ ಎರಕ ಹೊಯ್ದಿದ್ದ ‘ಸಿಂಗರ್’ ಎಂಬ ಆರು ಇಂಗ್ಲಿಷ್ ಅಕ್ಷರಗಳು ಅವಳಿಗೆ ಓದಲು ಬರುತ್ತಿರಲಿಲ್ಲ. ನಾವು ಮೊಮ್ಮಕ್ಕಳು ಇಂಗ್ಲಿಷ್ ದೊಡ್ಡಕ್ಷರ ಕಲಿತದ್ದೇ ಆ ಸ್ಟ್ಯಾಂಡಿನ ಕೆಳಗೆ ತೂರಿಕೊಂಡು, ಅಕ್ಷರಗಳ ಸಂದಿನಲ್ಲಿ ಬೆರಳು ಆಡಿಸಿಕೊಂಡು. “ಸಿಂಗರ್ ಅಂದ್ರೆ ಹಾಡೋವನು ಅಜ್ಜಿ, ಸಿಂಗಾರ ಅಲ್ಲ” ಎಂದು ನಾನೊಮ್ಮೆ ತಿದ್ದಿದ್ದೆ. ಅವಳು ಪೆಡಲ್ ನಿಲ್ಲಿಸದೆ, “ಹಾಡುತ್ತಲ್ಲ ಮತ್ತೆ, ಕೇಳಿಸ್ತಿಲ್ವ?” ಎಂದಿದ್ದಳು.

ಬಾಲ್ಕನಿಗೆ ಬಂದ ಮಿಷನ್ನು ಮಾತ್ರ ಹಾಡುವ ಸ್ಥಿತಿಯಲ್ಲಿ ಇರಲಿಲ್ಲ. ಕೈಚಕ್ರ ಕಲ್ಲಿನ ಹಾಗೆ ನಿಂತಿತ್ತು. ತುಕ್ಕು ಹಿಡಿದಿದೆ, ಮುಗಿಯಿತು ಎಂದುಕೊಂಡೆ. ಆದರೂ ಮನಸ್ಸು ಕೇಳದೆ ಚಿಕ್ಕಪೇಟೆ ಕಡೆಯಿಂದ ಒಬ್ಬ ಹಿರಿಯ ಮೆಕ್ಯಾನಿಕ್ಕರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದೆ. ಅವರು ಸೂಜಿಯ ಮೇಲಿನ ತಗಡು ಬಿಚ್ಚಿ ಒಳಗೆ ಬೆರಳಾಡಿಸಿದರು, ಬೆರಳನ್ನು ಮೂಗಿನ ಹತ್ತಿರ ಹಿಡಿದರು.

“ತುಕ್ಕಲ್ಲ ಸಾರ್. ಹರಳೆಣ್ಣೆ.”

ಅಜ್ಜಿಗೆ ಹರಳೆಣ್ಣೆಗಿಂತ ದೊಡ್ಡ ದೇವರಿರಲಿಲ್ಲ. ನಮ್ಮ ನೆತ್ತಿಗೆ ಅದೇ, ಹೊಟ್ಟೆ ಶುದ್ಧಿಗೆ ಅದೇ, ಎತ್ತಿನಗಾಡಿಯ ಕೀಲೆಣ್ಣೆಗೂ ಅದೇ. ಮಿಷನ್ ಎಣ್ಣೆಯ ಪುಟ್ಟ ಡಬ್ಬಿ ಖಾಲಿಯಾದರೆ ಪೇಟೆಗೆ ಯಾರು ಹೋಗುತ್ತಾರೆ? ಅಡುಗೆಮನೆಯಿಂದ ಗಿಂಡಿ ಬರುತ್ತಿತ್ತು. ಮಿಷನ್ ಎಣ್ಣೆ ವರ್ಷ ಕಳೆದರೂ ನೀರಿನ ಹಾಗೆ ತೆಳ್ಳಗಿರುತ್ತದೆ. ಹರಳೆಣ್ಣೆ ಗಾಳಿಗೆ ಮಂದವಾಗುತ್ತ, ಅಂಟಾಗುತ್ತ, ಕೊನೆಗೆ ಅರಗಿನ ಹಾಗೆ ಕಂದು ಪೊರೆಯಾಗಿ ಕೂರುತ್ತದೆ. ಓಡುವವರೆಗೆ ಓಡುತ್ತದೆ, ನಿಂತರೆ ಬೆಸುಗೆ.

ನನ್ನ ಮುಖ ನೋಡಿ ಮೆಕ್ಯಾನಿಕ್ಕರು ಸಮಾಧಾನ ಹೇಳಿದರು: “ಎಣ್ಣೇನೇ ಬಿಡದೆ ಇರೋರ ಮಿಷನ್ನಿಗಿಂತ ಇದು ವಾಸಿ ಸಾರ್. ತುಕ್ಕು ತಿಂದುಹಾಕುತ್ತೆ. ಇದು ಬರೀ ಹಿಡ್ಕೊಂಡು ಕೂತಿರುತ್ತೆ.”

ಹಿಡಿದು ಕೂತದ್ದನ್ನು ಬಿಡಿಸುವ ಮದ್ದು ಸೀಮೆಎಣ್ಣೆ. ಅದನ್ನು ಈ ಊರಿನಲ್ಲಿ ಹುಡುಕುವುದು ಮಿಷನ್ನು ರಿಪೇರಿಗಿಂತ ಕಷ್ಟವಾಯಿತು. ಸಿಕ್ಕಿದ ಒಂದು ಬಾಟಲಿಯನ್ನು ಬಾಲಗ್ರಹ ಔಷಧಿಯ ಹಾಗೆ ಹನಿಹನಿಯಾಗಿ, ಲೋಹಕ್ಕೆ ಲೋಹ ಉಜ್ಜುವ ಪ್ರತಿಯೊಂದು ಕಡೆಗೂ, ಎಣ್ಣೆ ಬಿಡಲೆಂದೇ ಕೊರೆದ ಪ್ರತಿಯೊಂದು ತೂತಿಗೂ ಬಿಟ್ಟೆ. “ಬಲ ಹಾಕಬೇಡಿ, ಕಾಯಿರಿ” ಎಂದು ಆಜ್ಞೆಯಾಗಿತ್ತು. ಅದು ಆರಿದ ಮೇಲೆ, ಹೆಂಡತಿಯ ಹೇರ್ ಡ್ರೈಯರಿನಿಂದ ಕಬ್ಬಿಣಕ್ಕೆ ಬಿಸಿಗಾಳಿ ಕೊಡುವುದು, ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸುವುದು. ಒಂಬತ್ತನೆಯ ದಿನ ಅದು ಕಾಲಂಗುಲ ಅಲುಗಿತು. ಮನೆಗೆ ಮಗು ಬಂದಷ್ಟು ಸಡಗರದಿಂದ ಕೂಗಿದೆ. ಹೆಂಡತಿ ಒಲೆ ಆರಿಸಿ ಓಡಿಬಂದು, ನೋಡಿ, ಒಲೆ ಹಚ್ಚಲು ವಾಪಸು ಹೋದಳು. ಹನ್ನೆರಡನೆಯ ದಿನ ಚಕ್ರ ಪೂರ್ತಿ ಸುತ್ತು ಬಂತು. ಹಲ್ಲುಗಳ ಕೆಳಗಿನಿಂದ ದಶಕಗಳ ಬಟ್ಟೆಯ ಜುಂಗು ಕಂಬಳಿಯ ತುಂಡಿನಂತೆ ಒತ್ತಿಕೊಂಡು ಹೊರಬಂತು.

ಗೆದ್ದ ಹುಮ್ಮಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ಕಪ್ಪು ಮೈಯ ಮೇಲಿನ ಹೊಗೆಬಣ್ಣ ತೆಗೆಯೋಣವೆಂದು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಉಜ್ಜಿದೆ. ಬಂಗಾರದ ಬಳ್ಳಿಯ ಒಂದು ಎಲೆ ಎದ್ದು ಹತ್ತಿಗೆ ಬಂತು. ಆ ಬಳ್ಳಿಗಳ ಮೇಲೆ ಬಳಿದಿರುವುದು ಷೆಲ್ಯಾಕ್, ಅಂದರೆ ಅರಗು. ಸ್ಪಿರಿಟ್ ಕಂಡರೆ ಅದು ಕರಗಿಹೋಗುತ್ತದೆ. ಫೋನಿನಲ್ಲಿ ಮೆಕ್ಯಾನಿಕ್ಕರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರ್, ಅದು ಪಾತ್ರೆ ಅಲ್ಲ” ಎಂದರು.

ಆ ಮಾತಿನ ಮೇಲೆ ನನ್ನ ಕೈ ಹಿಡಿತಕ್ಕೆ ಬಂತು. ಹಳೆಯ ಮಿಷನ್ನು ಸರಿಮಾಡುವುದೆಂದರೆ ಹೊಸ ಭಾಗ ಹಾಕುವ ಕೆಲಸವೆಂದುಕೊಂಡಿದ್ದೆ; ಮಾಡುತ್ತ ಹೋದರೆ ಅದು ಬಹುಪಾಲು ತೆಗೆಯುವ ಕೆಲಸ. ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂಬುದರಲ್ಲೇ ಎಲ್ಲ ಜಾಣತನವೂ ಇದೆ. ಎಣ್ಣೆ ಹೋಗಬೇಕು, ಅರಗು ಉಳಿಯಬೇಕು. ಎರಡೂ ನೋಡಲು ಕಂದು ಬಣ್ಣವೇ. ಸೂಜಿಯ ಮುಂದೆ, ಬಟ್ಟೆ ಎಳೆದುಕೊಳ್ಳುವ ಜಾಗದಲ್ಲಿ, ಅಂಗೈಯಗಲ ಬಂಗಾರವೂ ಇಲ್ಲ, ಕಪ್ಪೂ ಇಲ್ಲ, ಬೋಳು ಕಬ್ಬಿಣ ಮಿನುಗುತ್ತದೆ. ಈ ಹುಚ್ಚು ಹತ್ತಿದವರಿಗಾಗಿ ಹಳೆಯ ಬಳ್ಳಿಗಳ ಹೊಸ ಅಚ್ಚುಗಳು ಮಾರಾಟಕ್ಕೆ ಸಿಗುತ್ತವೆ. ಅಂಟಿಸಿದರೆ ನಿನ್ನೆ ಕೊಂಡಂತೆ ಕಾಣುತ್ತದೆ. ನಾನು ಅಂಟಿಸಲಿಲ್ಲ. ಆ ಬೋಳು ಅಜ್ಜಿಯ ಅಂಗೈಯಳತೆಯದು.

ಒರೆಸುವಾಗ ಮೈಮೇಲೆ ಕೊರೆದಿದ್ದ ನಂಬರು ಕಂಡಿತು. ಶುರುವಿಗೆ ಇಂಗ್ಲಿಷಿನ ‘ವೈ’. ಆ ಅಕ್ಷರ ಹೊತ್ತ ಮಿಷನ್ನುಗಳು 1920ರ ದಶಕದಿಂದ 1930ರ ದಶಕದ ನಡುವಿನವರೆಗೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದವು. ಮಾಡೆಲ್ಲು 15ಕೆ; ಆ ‘ಕೆ’ ಕಿಲ್‌ಬೋವಿ ಎಂಬ ಅಲ್ಲಿನ ಕಾರ್ಖಾನೆಯ ಗುರುತು. ಆ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಈಗ ಅಲ್ಲಿ ಉಳಿದಿರುವುದು ಸಿಂಗರ್ ಎಂಬ ಹೆಸರಿನ ಒಂದು ರೈಲು ನಿಲ್ದಾಣ. ಇಲ್ಲಿ ನನ್ನ ಬಾಲ್ಕನಿಯಲ್ಲಿ ಅದರ ಹೆತ್ತಕೂಸು ಚಕ್ರ ತಿರುಗಿಸಿಕೊಂಡಿದೆ.

ಸ್ಕಾಟ್ಲೆಂಡಿನಿಂದ ಅದು ತಿಪಟೂರು ಸೀಮೆಯ ಒಬ್ಬ ಮೇಷ್ಟ್ರ ಮನೆಗೆ ಬಂದದ್ದು ಕಂತಿನ ಮಹಿಮೆ. ಐಸಾಕ್ ಮೆರಿಟ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1851ರಲ್ಲಿ. ಅವನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ಎಂಬ ವಕೀಲ 1856ರಲ್ಲಿ ಕಂತಿನ ವ್ಯಾಪಾರ ಶುರುಮಾಡಿದ: ಈಗ ಸ್ವಲ್ಪ ಕೊಡಿ, ಮಿಷನ್ನು ಒಯ್ಯಿರಿ, ಉಳಿದದ್ದು ತಿಂಗಳು ತಿಂಗಳು. ಇಂದಿನ ಇಎಂಐಗೆ ಅವನೇ ಮುತ್ತಜ್ಜ. ತಾತನ ಸಂಬಳದಲ್ಲಿ ಕಂತು ಕಟ್ಟುವುದಾಗುತ್ತಿರಲಿಲ್ಲವಂತೆ. ಅಜ್ಜಿ ಬೀದಿಯವರ ರವಿಕೆ, ಹುಡುಗಿಯರ ಲಂಗ ಹೊಲಿದುಕೊಟ್ಟು ಕಟ್ಟಿದಳು. “ಅದರ ಸಾಲ ಅದೇ ತೀರಿಸ್ತು, ನಾನು ಬರೀ ಕಾಲು ಆಡಿಸ್ದೆ” ಎನ್ನುತ್ತಿದ್ದಳು.

ಯಂತ್ರಗಳ ಹುಚ್ಚನ್ನು ಒಪ್ಪದ ಗಾಂಧೀಜಿಯೂ ಹೊಲಿಗೆ ಮಿಷನ್ನಿಗೆ ವಿನಾಯಿತಿ ಕೊಟ್ಟಿದ್ದರು. ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಬರುವ ಹಿಂದಿನ ತಿಂಗಳು, 1924ರ ನವೆಂಬರಿನಲ್ಲಿ, ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಒಂದು ಮಾತುಕತೆಯಲ್ಲಿ ಆ ಪ್ರಸಂಗ ಬರುತ್ತದೆ. ಹೆಂಡತಿ ಕೈಯಲ್ಲಿ ಹೊಲಿದು ಬಳಲುವುದನ್ನು ನೋಡಲಾರದೆ ಸಿಂಗರ್ ಪ್ರೀತಿಯಿಂದ ಈ ಯಂತ್ರ ಮಾಡಿದ ಎಂದು ಅವರು ನಂಬಿದ್ದರು. ನಿಜವಾದ ಸಿಂಗರ್ ನಾಟಕದ ಕಂಪನಿಯಲ್ಲಿ ಊರೂರು ತಿರುಗಿದವನು. ಏಕಕಾಲಕ್ಕೆ ಹಲವು ಸಂಸಾರ ನಡೆಸಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ತಂದೆಯಾದವನು. ಯಾವ ಹೆಂಡತಿಯ ಬಳಲಿಕೆ ನೋಡಿ ಕರಗಿದನೆಂದು ಕೇಳಿದರೆ ಅವನಿಗೇ ಲೆಕ್ಕ ತಪ್ಪುತ್ತಿತ್ತೇನೋ. ಸೂಜಿಯ ಕಣ್ಣನ್ನು ಮೊನೆಯ ಹತ್ತಿರ ಇಡುವ ಉಪಾಯಕ್ಕೂ 1846ರಲ್ಲೇ ಎಲಿಯಸ್ ಹೋವ್ ಎಂಬುವನ ಪೇಟೆಂಟ್ ಇತ್ತು. ಕೋರ್ಟಿನಲ್ಲಿ ಸೋತ ಸಿಂಗರ್ ಅವನಿಗೆ ದುಡ್ಡು ಕಟ್ಟಬೇಕಾಯಿತು. ಆದರೂ ಗಾಂಧೀಜಿಯ ಕಥೆ ಸುಳ್ಳಾಯಿತೆಂದು ನನಗೆ ಅನ್ನಿಸುವುದಿಲ್ಲ. ಅದು ಸಿಂಗರನ ಮನೆಯಲ್ಲಿ ನಡೆಯಲಿಲ್ಲ, ಅಷ್ಟೆ. ಮಿಷನ್ನು ಹೋದ ಲಕ್ಷಾಂತರ ಮನೆಗಳಲ್ಲಿ ನಡೆಯಿತು.

ಒಂದು ಓಡಿದ ಮೇಲೆ ಕೈ ಸುಮ್ಮನಿರಲಿಲ್ಲ. ಗುಜರಿ ಅಂಗಡಿಯವನೊಬ್ಬ “ನರಸಿಂಹಸ್ವಾಮಿ ಮಿಷನ್ನು ಇದೆ, ಬನ್ನಿ ಸಾರ್” ಎಂದು ಕರೆದ. ಹೋಗಿ ನೋಡಿದರೆ ಕಪ್ಪು ಮೈಮೇಲೆ ಬಂಗಾರದ ಸ್ಫಿಂಕ್ಸ್. ಮೈ ಸಿಂಹದ್ದು, ಮುಖ ಮನುಷ್ಯರದ್ದು: ನಮ್ಮ ನರಸಿಂಹನನ್ನು ತಲೆಕೆಳಗು ಮಾಡಿದ ಹಾಗೆ. ದೇವರೆಂದು ಬೆಲೆ ಹೆಚ್ಚಿಸಿದವನು ಕೊನೆಗೆ ಕಬ್ಬಿಣದ ತೂಕಕ್ಕೇ ಕೊಟ್ಟ. ಅದರ ಷಟಲ್ಲು ದುಂಡಗಿಲ್ಲ, ಪುಟ್ಟ ದೋಣಿಯ ಹಾಗೆ. ಒಳಗೆ ಕಡ್ಡಿಯಂಥ ಉದ್ದನೆಯ ಬಾಬಿನ್. ಅದು ತೊಟ್ಟಿಲು ತೂಗಿದಂತೆ ಅತ್ತಿತ್ತ ಓಲಾಡುತ್ತ ದಾರದ ಕುಣಿಕೆಯೊಳಗೆ ತೂರುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮೂರನೆಯದು ಉಷಾ. ಕಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಲ್ಲಿ ಲಾಲಾ ಶ್ರೀರಾಮ್ ತಯಾರು ಮಾಡಿಸಿ ಮಗಳ ಹೆಸರಿಟ್ಟದ್ದು. ಅಜ್ಜಿಯ 15ರ ಅಚ್ಚಿನಲ್ಲೇ ನಮ್ಮ ದೇಶದ ಕಪ್ಪು ಮಿಷನ್ನುಗಳು ಹುಟ್ಟಿದ್ದರಿಂದ ಲುಧಿಯಾನದಲ್ಲಿ ತಯಾರಾದ ಹೊಸ ಬಾಬಿನ್ನು ಸ್ಕಾಟ್ಲೆಂಡಿನ ಮುದುಕಿಗೂ ಸರಿಯಾಗಿ ಕೂರುತ್ತದೆ. ನಾಲ್ಕನೆಯದಕ್ಕೆ ತಲೆ ಮಾತ್ರ ಇದೆ. ಕಾಲು ಯಾವುದೋ ಕಾಫಿ ಅಂಗಡಿಯಲ್ಲಿ ಗ್ರಾನೈಟ್ ಹೊತ್ತು ಟೇಬಲ್ಲಾಗಿರಬೇಕು. ಅಂಥ ಅಂಗಡಿಗೆ ಹೋದಾಗಲೆಲ್ಲ ನಾನು ಟೇಬಲ್ಲಿನ ಕೆಳಗೆ ಬಗ್ಗಿ ಹೆಸರು ಓದುತ್ತೇನೆ. ಹೆಂಡತಿ ಪಕ್ಕದ ಟೇಬಲ್ಲಿನವರ ಕಡೆ ನೋಡಿ ನಗುತ್ತಾಳೆ, ಏನೂ ಆಗಿಲ್ಲ ಎನ್ನುವ ಹಾಗೆ.

ಎಲ್ಲಕ್ಕಿಂತ ಮೋಹ ಹತ್ತಿಸಿದ್ದು ಅಜ್ಜಿಯ ಡ್ರಾಯರಿನ ತಗಡಿನ ಡಬ್ಬಿ. ಅದರೊಳಗಿನ ಉಕ್ಕಿನ ಸಾಮಾನುಗಳು ಹಲ್ಲು ಕೀಳುವ ಡಾಕ್ಟರದ್ದೆಂದು ಚಿಕ್ಕಂದಿನಲ್ಲಿ ಹೆದರಿದ್ದೆ. ಒಂದೊಂದೂ ಪಾದ ಇರುವ ಜಾಗಕ್ಕೆ ತಿರುಪಿನಿಂದ ಕೂರುತ್ತದೆ. ಶಂಖದಂತೆ ಸುರುಳಿಯಾದದ್ದು ಕರವಸ್ತ್ರದ ಅಂಚನ್ನು ತಾನೇ ಮಡಿಚಿಕೊಂಡು ಹೊಲಿಗೆಗೆ ಕೊಡುತ್ತದೆ. ಏಡಿಯಂಥದ್ದು ನೆರಿಗೆಯದು: ಸೂಜಿ ಹಿಡಿಯುವ ತಿರುಪನ್ನು ಕೈಯಿಂದ ತಬ್ಬಿಕೊಂಡು, ಸೂಜಿ ಮೇಲೆ ಕೆಳಗೆ ಆಡಿದಂತೆ ಬಟ್ಟೆಯನ್ನು ನೂಕುತ್ತದೆ. ಅದರ ನೆತ್ತಿಯ ಮೇಲೆ 1, 6, 12 ಎಂಬ ಅಂಕಿಗಳು. ಒಂದಕ್ಕಿಟ್ಟರೆ ಹೊಲಿಗೆಗೊಂದು ನೆರಿಗೆ, ಹನ್ನೆರಡಕ್ಕಿಟ್ಟರೆ ಹನ್ನೆರಡು ಹೊಲಿಗೆಗೊಂದು. ನಮ್ಮ ಊರಿನ ಅರ್ಧ ಲಂಗಗಳು ಇದರ ಬಾಯಿಂದ ಬಂದವು. ಕಾಜಾ ಹಾಕುವ ದಪ್ಪ ಪೆಟ್ಟಿಗೆಯೊಂದನ್ನು ಆಮೇಲೆ ನಾನೇ ಕೊಂಡೆ. ನೇರ ಹೊಲಿಗೆ ಬಿಟ್ಟು ಬೇರೆ ಗೊತ್ತಿಲ್ಲದ ಮಿಷನ್ನಿನ ಕೆಳಗೆ ಅದು ಬಟ್ಟೆಯನ್ನೇ ಹಿಡಿದು ಎಡಬಲ ಅಲ್ಲಾಡಿಸುತ್ತ ಕಾಜಾದ ಸುತ್ತ ನಡೆಸುತ್ತದೆ. ಟೈಲರ್ ಅಂಗಡಿಯ ಮೂಲೆಯಲ್ಲಿ ಕೂತು ದಿನವಿಡೀ ಕಾಜಾ ಗುಂಡಿ ಹಾಕುತ್ತಿದ್ದ ಹುಡುಗರ ನೆನಪಾಗುತ್ತದೆ. ನಾನೀಗ ಮನೆಯ ಎಲ್ಲ ದಿಂಬಿನ ಕವರುಗಳಿಗೂ ಬೇಕಿಲ್ಲದ ಕಾಜಾ ಹಾಕಿದ್ದೇನೆ.

ಹೊಲಿಗೆ ಕಲಿಕೆ ಬೇರೆ ಮಾತು. ವಾರವಿಡೀ ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿತ್ತು. ಟೆನ್ಷನ್ ಬಿಗಿ ಮಾಡಿದೆ, ಸಡಿಲಿಸಿದೆ, ಬೆಲ್ಟ್ ಕತ್ತರಿಸಿ ಮತ್ತೆ ಕೊಂಡಿ ಹಾಕಿದೆ. ಕಾರಣ ಇಷ್ಟೆ: ನರಸಿಂಹಸ್ವಾಮಿಗೆ ದಾರವನ್ನು ಎಡದಿಂದ ಬಲಕ್ಕೆ ಪೋಣಿಸಬೇಕು, ಅಜ್ಜಿಯದಕ್ಕೆ ಬಲದಿಂದ ಎಡಕ್ಕೆ. ಅಜ್ಜಿ ಕತ್ತಲಲ್ಲೂ ಪೋಣಿಸುತ್ತಿದ್ದಳು. ನನಗೆ ಓದುವ ಕನ್ನಡಕ, ಟಾರ್ಚು ಮತ್ತು ಎರಡು ಬೈಗುಳ ಬೇಕು.

ಕೊನೆಗೆ ಉಳಿದದ್ದು ಅವಳ ಬಾಬಿನ್. ಕೇಸಿನಿಂದ ಹೊರತೆಗೆದಾಗ ಮೇಲೆ ಹಸಿರು ದಾರವಿತ್ತು, ಬದಿಯಿಂದ ನೋಡಿದರೆ ಅದರಡಿಯಲ್ಲಿ ಬೇರೆ ಬಣ್ಣಗಳು ಉಂಗುರ ಉಂಗುರವಾಗಿ ಕಾಣುತ್ತಿದ್ದವು. ಒಂದು ಬಣ್ಣ ಪೂರ್ತಿ ಮುಗಿಯುವ ಮೊದಲೇ ಅವಳು ಅದರ ಮೇಲೇ ಇನ್ನೊಂದನ್ನು ಸುತ್ತುತ್ತಿದ್ದಳು. ದಾರ ಎಸೆಯುವ ಜಾತಿ ಅವಳದಲ್ಲ. “ಹಂಗೆ ಸುತ್ತಬಾರದು ಸಾರ್, ತೊಡಕು ಬೀಳುತ್ತೆ. ಮೊದಲು ಹಳೇದೆಲ್ಲ ಬಿಚ್ಚಿ” ಎಂದರು ಮೆಕ್ಯಾನಿಕ್ಕರು. ಬಿಚ್ಚಿದೆ. ಹಸಿರು ಮುಗಿದು ಖಾಕಿ ಬಂತು: ನನ್ನ ಸ್ಕೂಲಿನ ಚಡ್ಡಿ, ಅನುಮಾನವಿಲ್ಲ. ಖಾಕಿಯ ಕೆಳಗೆ ಬಿಳಿ. ಬಿಳಿಯ ಕೆಳಗೆ ಕುಂಕುಮದ ಬಣ್ಣ, ಒಂದೆರಡು ಮೊಳ, ಯಾರ ರವಿಕೆಯದೋ. ಆಮೇಲೆ ಬರೀ ಉಕ್ಕು. ಬಿಚ್ಚಿದ್ದನ್ನು ಉಂಡೆ ಕಟ್ಟಿ ಡಬ್ಬಿಯಲ್ಲಿಟ್ಟು, ಬಾಬಿನ್ನಿಗೆ ಹೊಸ ನೀಲಿ ದಾರ ಸುತ್ತಿದೆ. ನಿಯಮದ ಪ್ರಕಾರ, ಅಚ್ಚುಕಟ್ಟಾಗಿ.

ಮೊನ್ನೆ ಹೆಂಡತಿ ಒಂದು ಕೆಂಪು ಸೀರೆ ತಂದು, “ಮ್ಯೂಸಿಯಂನವರು ಬಿಡುವಾಗಿದ್ರೆ ಇದಕ್ಕೆ ಫಾಲ್ ಹಾಕಿಕೊಡಿ” ಎಂದಳು. ಈ ಮನೆಯಲ್ಲಿ ನನಗೆ ಬಂದ ಮೊದಲ ಆರ್ಡರು. ಫಾಲನ್ನು ಕೈಯಲ್ಲಿ ಹಾಕಿದರೇ ಚೆಂದ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಹೇಳಲಿಲ್ಲ. ಬಾಬಿನ್ ತೆಗೆದು ನೋಡಿದೆ. ಅರ್ಧದಷ್ಟು ನೀಲಿ ಹಾಗೇ ಇತ್ತು. ಬಿಚ್ಚಬೇಕು. ಬಿಚ್ಚಿದರೆ ಅಷ್ಟು ಒಳ್ಳೆಯ ದಾರ ಹಾಳು. ಚಕ್ರದ ತಿರುಪು ಸಡಿಲಿಸಿ, ಬಾಬಿನ್ನನ್ನು ಸುತ್ತುಗಡ್ಡಿಗೆ ಸಿಕ್ಕಿಸಿ, ನೀಲಿಯ ಮೇಲೇ ಕೆಂಪು ಸುತ್ತತೊಡಗಿದೆ.