ಗೇರುಸೊಪ್ಪೆಯ ಮೆಣಸಿನ ಬಳ್ಳಿ

ಅಭ್ಯಾಸ ಬೋಧನೆಯಲ್ಲಿ ಅದು ನನ್ನ ನಾಲ್ಕನೆಯ ಪಾಠ. ಹೊನ್ನಾವರದ ಕಡೆಯ ಒಂದು ಶಾಲೆ, ಏಳನೆಯ ತರಗತಿ, ‘ಸಸ್ಯಗಳಲ್ಲಿ ಸಂತಾನೋತ್ಪತ್ತಿ’. ಕಪ್ಪುಹಲಗೆಯ ಮಧ್ಯೆ ಗೆರೆ ಎಳೆದು, ಬೀಜದಿಂದ ಬೆಳೆಸುವ ಗಿಡಗಳನ್ನು ಒಂದು ಕಡೆ, ಕಾಂಡದ ತುಂಡಿನಿಂದ ಬೆಳೆಸುವವನ್ನು ಇನ್ನೊಂದು ಕಡೆ ಬರೆಯುತ್ತಿದ್ದೆ. ಕಾಳುಮೆಣಸು ಬೀಜದ ಕಡೆಗೆ ಹೋಯಿತು. ನಾನು ಗದಗದ ಕಡೆಯವಳು. ಹೆಸರುಕಾಳು, ಕಡಲೆಕಾಳು ನೋಡಿ ಬೆಳೆದವಳಿಗೆ ಕಾಳು ಎಂದರೆ ಬಿತ್ತುವುದೇ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಅಕ್ಕೋರೇ, ಮೆಣಸಿಗೆ ಬೀಜ ಹಾಕೂದಿಲ್ಲ, ಬಳ್ಳಿ ತುಂಡು ಮಾಡಿ ನೆಡೂದು” ಅಂದಳು. ಹಿಂದೆ ವೀಕ್ಷಕರು ಕುಳಿತಿದ್ದರು. ಪಾಠಯೋಜನೆಯ ಪ್ರಕಾರ ಪ್ರಶ್ನೆಗಳಿಗೆ ಕೊನೆಯ ಐದು ನಿಮಿಷ. “ಆಮೇಲೆ ಹೇಳು, ಈಗ ಕೂತ್ಕೋ” ಎಂದೆ. ಆ ಐದು ನಿಮಿಷ ಬರಲೇ ಇಲ್ಲ. ಅವಲೋಕನ ಹಾಳೆಯಲ್ಲಿ ‘ವಿಷಯ ಪ್ರಭುತ್ವ: ಉತ್ತಮ’ ಎಂದಿತ್ತು. ರಾತ್ರಿ ಪುಸ್ತಕ ತೆಗೆದು ನೋಡಿದೆ. ಹುಡುಗಿ ಹೇಳಿದ್ದೇ ಸರಿ.

ಮರುದಿನ ಅವಳನ್ನು ಮಾತನಾಡಿಸಿದಾಗ, ಅಜ್ಜನ ತೋಟ ಗೇರುಸೊಪ್ಪೆಯಲ್ಲಿದೆ, ಬನ್ನಿ ಎಂದಳು. ಭಾನುವಾರ ಸಹಪಾಠಿಯೊಬ್ಬಳ ಜೊತೆ ಸಾಗರದ ರಸ್ತೆಯ ಬಸ್ಸು ಹತ್ತಿದೆ. ಹೊನ್ನಾವರದಿಂದ ಸುಮಾರು 30 ಕಿ.ಮೀ. ಜೋಗಕ್ಕೆ ಹೊರಟ ಕಾರುಗಳು ಈ ಊರಲ್ಲಿ ನಿಲ್ಲದೆ ಘಟ್ಟ ಹತ್ತುತ್ತವೆ. ಇಳಿದವರು ನಾವಿಬ್ಬರು ಮತ್ತು ಒಬ್ಬ ಮೀನಿನ ಹೆಂಗಸು. ಜನವರಿಯಾದರೂ ಬೆವರು. ಶರಾವತಿ ಕಾಡಿನ ನಡುವೆ ಸದ್ದಿಲ್ಲದೆ ಹರಿಯುತ್ತಿತ್ತು.

ನದಿ ದಾಟಿ ಮೊದಲು ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದೆವು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಸುತ್ತ ಮರಗಳು, ಜೀರುಂಡೆ ಸದ್ದು, ಬೇರೆ ಯಾರೂ ಇಲ್ಲ. ಹೆಸರಿನಲ್ಲಿ ಮಾತ್ರ ಈಗ ನಗರ. 16ನೇ ಶತಮಾನದಲ್ಲಿ ಇಲ್ಲಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎನ್ನುತ್ತಿದ್ದರು. 1623ರಲ್ಲಿ ಹೊನ್ನಾವರದಿಂದ ದೋಣಿಯಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ನದಿಯ ಚೆಲುವನ್ನು ಹೊಗಳಿದ. ಊರು ಮಾತ್ರ ಆಗಲೇ ಹಾಳುಬಿದ್ದಿತ್ತು. ಅರಮನೆ ಹೋಯಿತು, ಪೇಟೆ ಹೋಯಿತು. ಮೆಣಸು ಇನ್ನೂ ಇದೆ.

ಅಜ್ಜನ ತೋಟದಲ್ಲಿ ಅಡಿಕೆ ಮರಗಳನ್ನು ತಬ್ಬಿಕೊಂಡು ಬಳ್ಳಿ ಹತ್ತಿತ್ತು. ಗಿಣ್ಣು ಗಿಣ್ಣಿಗೂ ಬೇರು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಲು. ಹಸಿರು ಕಾಳೇ ಬಿಸಿಲಿಗೆ ಕಪ್ಪಾಗುವುದು. ನಾನು ತರಗತಿಯ ತಪ್ಪನ್ನು ಹೇಳಿಕೊಂಡೆ. ಅಜ್ಜ ನಗಲಿಲ್ಲ. “ಕಾಳು ಬಿದ್ದಲ್ಲಿ ಹುಟ್ಟೂದು ಹೌದು. ಆದ್ರೆ ತಾಯಿಬಳ್ಳಿ ಹಾಂಗೇ ಬರ್ತದೆ ಅಂತ ಗ್ಯಾರಂಟಿ ಇಲ್ಲ. ತುಂಡು ನೆಟ್ರೆ ಅದೇ ಬಳ್ಳಿ” ಎಂದರು. ಲೈಂಗಿಕ ಸಂತಾನೋತ್ಪತ್ತಿಯಲ್ಲಿ ಭಿನ್ನತೆ ಎಂದು ಬಿ.ಎಸ್ಸಿ. ಪರೀಕ್ಷೆಯಲ್ಲಿ ನಾನು ಪುಟಗಟ್ಟಲೆ ಬರೆದದ್ದು ಇದನ್ನೇ. ಮೂರು ಮಾತಿನಲ್ಲಿ ಹೇಳಬಹುದೆಂದು ಗೊತ್ತಿರಲಿಲ್ಲ. ಹೊರಡುವಾಗ ಬುಡದಲ್ಲಿ ಹರಿದ ಬಳ್ಳಿಯಿಂದ ಆರು ತುಂಡು ಕತ್ತರಿಸಿ, ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟರು.

ಸೋಮವಾರ ವೀಕ್ಷಕರು ಇರಲಿಲ್ಲ. ಇದ್ದಿದ್ದರೆ ಹೀಗೆಯೇ ಮಾಡುತ್ತಿದ್ದೆನೇ ಎಂದು ಈಗಲೂ ಯೋಚಿಸುತ್ತೇನೆ. ಹಲಗೆಯ ಮೇಲೆ ಅದೇ ಎರಡು ಪಟ್ಟಿ ಮತ್ತೆ ಬರೆದು, ಕಾಳುಮೆಣಸನ್ನು ಮೊದಲಿನ ಜಾಗದಲ್ಲೇ ಇಟ್ಟು, “ಮೊನ್ನೆ ನಾನು ಹೇಳಿದ್ದು ತಪ್ಪು, ಇವಳು ಸರಿಯಾಗಿ ಹೇಳಿದಾಗ ಕೂರಿಸಿದೆ” ಎಂದು ಸುಣ್ಣದಕಡ್ಡಿಯನ್ನು ಅವಳ ಕೈಗೆ ಕೊಟ್ಟೆ. ಅವಳು ಹೆಸರನ್ನು ಒರೆಸಿ ಆಚೆ ಬರೆದಳು. ಆಮೇಲೆ ಎಲ್ಲರೂ ಅಂಗಳಕ್ಕೆ ಹೋಗಿ ತುಂಡುಗಳನ್ನು ಡಬ್ಬಿಗಳಲ್ಲಿ ನೆಟ್ಟೆವು. ಎಷ್ಟು ಗಿಣ್ಣು ಮಣ್ಣೊಳಗೆ ಹೋಗಬೇಕೆಂದು ಅವಳೇ ತೋರಿಸಿದಳು. ಅವಧಿ ಮೀರಿತು, ಪಾಠಯೋಜನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೂರು ವಾರದ ನಂತರ ನಾವು ಕಾಲೇಜಿಗೆ ಮರಳುವ ದಿನ ಡಬ್ಬಿಗಳನ್ನು ನೋಡಿದೆ. ಒಂದರಲ್ಲೂ ಚಿಗುರಿರಲಿಲ್ಲ. ಒಂದನ್ನು ಕಿತ್ತು ಬೇರು ಬಂದಿದೆಯೇ ನೋಡೋಣವೆಂದು ಕೈ ಹಾಕಿದೆ.

“ಕೀಳಬೇಡಿ ಅಕ್ಕೋರೇ,” ಎಂದಳು, “ಇನ್ನೂ ದಿನ ಬೇಕು.”