ಗಾಲಿಯ ಮೇಲೆ ಮನೆ, ನೀರಿನ ಕೆಳಗೆ ಊರು

ಮಂಚ, ಒಲೆ, ನೀರಿನ ಟಾಕಿ, ಬಚ್ಚಲು ಎಲ್ಲವನ್ನೂ ಹೊತ್ತು ತಿರುಗುವ ಮೋಟಾರಿಗೆ ಕ್ಯಾರವಾನ್ ಎನ್ನುತ್ತಾರೆ. ಅಮೆರಿಕ, ಕೆನಡಾಗಳ ನಿವೃತ್ತ ದಂಪತಿಗಳು ಚಳಿಗಾಲ ಬಂತೆಂದರೆ ಇಂಥ ಗಾಡಿಗಳಲ್ಲಿ ಮೆಕ್ಸಿಕೋದತ್ತ ಇಳಿದು ತಿಂಗಳುಗಟ್ಟಲೆ ಬಿಡಾರ ಹೂಡುವುದುಂಟು. ನಮ್ಮಲ್ಲಿ ಇದಿನ್ನೂ ಹೊಸದು. ಮಹಾರಾಷ್ಟ್ರ ಸರಕಾರ ಕ್ಯಾರವಾನ್ ಪ್ರವಾಸಕ್ಕೊಂದು ನೀತಿ ರೂಪಿಸಿದ್ದೇ 2021ರಲ್ಲಿ. ಪುಣೆಯಲ್ಲಿ ಈಗ ಇವು ಬಾಡಿಗೆಗೆ ಸಿಗುತ್ತವೆ. 2024ರ ಮೇ ತಿಂಗಳಲ್ಲಿ ನಾವೂ ಒಂದನ್ನು ನಾಲ್ಕು ದಿನಕ್ಕೆ ಹಿಡಿದೆವು. ಮೋಜಿಗಲ್ಲ, ಅಪ್ಪನಿಗಾಗಿ.

ಅಪ್ಪ ಖಡಕಿಯ ಅಮ್ಯುನಿಷನ್ ಫ್ಯಾಕ್ಟರಿಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಊರು ಬೀಳಗಿ ತಾಲೂಕಿನ ಕೃಷ್ಣೆಯ ದಂಡೆ. ರಿಟೈರಾದ ಮೇಲೆ ಊರಲ್ಲೇ ಇರುತ್ತೇನೆ ಎಂಬುದು ಅವರ ಹಳೆಯ ಮಾತು. ಆದರೆ ಅವರು ಫ್ಯಾಕ್ಟರಿ ಬಿಡುವ ಹೊತ್ತಿಗೆ ಊರೇ ಆಲಮಟ್ಟಿಯ ಹಿನ್ನೀರಿಗೆ ಸೇರುತ್ತಿತ್ತು. ಪರಿಹಾರದ ಹಣ ಬಂತು, ಖಡಕಿಯಲ್ಲೇ ಎರಡು ಖೋಲಿಯ ಮನೆಯಾಯಿತು. ಈಗ ಅವರಿಗೆ ಎಂಬತ್ತನಾಲ್ಕು. "ಒಮ್ಮೆ ಊರಾಗ ಬೆಳಗ ಮಾಡಬೇಕು" ಎಂದು ಹಟ ಹಿಡಿದರು. ಬಾಗಲಕೋಟೆಯ ಲಾಡ್ಜು ಬೇಡ, ನೆಂಟರ ಮನೆಯೂ ಬೇಡ. "ನನ್ನ ಊರಿಗೆ ನಾನು ಬೀಗನ ಹಂಗ ಹೋಗಲೇನು?" ಎಂಬುದು ಅವರ ಪ್ರಶ್ನೆ. ತಾಸಿಗೊಮ್ಮೆ ಬಚ್ಚಲು ಬೇಕಾಗುವ ವಯಸ್ಸು ಬೇರೆ. ಹೀಗೆ ಕ್ಯಾರವಾನ್ ಬಂತು.

ಖಡಕಿಯಿಂದ ಕೊಲ್ಹಾರಕ್ಕೆ ಸುಮಾರು 400 ಕಿಲೋಮೀಟರ್. ಸೊಲ್ಲಾಪುರ ರಸ್ತೆಯಲ್ಲಿ ಭಿಗವಣ ದಾಟಿದರೆ ಪಳಸದೇವ ಸಿಗುತ್ತದೆ. ಅಲ್ಲಿನ ಹಳೆಯ ಪಳಸನಾಥ ಗುಡಿ ಉಜನಿಯ ಹಿನ್ನೀರಿನಲ್ಲಿ ಮುಳುಗಿದೆ. ಬರಗಾಲದ ಬೇಸಿಗೆಗಳಲ್ಲಿ ನೀರು ಇಳಿದಾಗ ಮೇಲೆ ಕಾಣುತ್ತದೆ. ಅದನ್ನು ಹೇಳಿದಾಗ ಅಪ್ಪ, "ಹಂಗಾರ ನಾವೊಬ್ಬರ ಅಲ್ಲ" ಎಂದಷ್ಟೇ ಅಂದರು. ಧೂಳಖೇಡದ ಬಳಿ ಭೀಮೆಯನ್ನು ದಾಟಿ ಕನ್ನಡದ ಬೋರ್ಡು ಕಂಡೊಡನೆ ಅವರ ದನಿ ಏರಿತು. ಕೊಲ್ಹಾರದಲ್ಲಿ ಮಣ್ಣಿನ ಗಡಿಗೆಯ ಗಟ್ಟಿ ಮೊಸರು ಕೊಂಡು, ಹಿನ್ನೀರಿನ ಮೇಲಿನ ಉದ್ದನೆಯ ಸೇತುವೆ ದಾಟಿ ಕೊರ್ತಿಯ ಕಡೆ ಇಳಿದಾಗ ಸಂಜೆಯಾಗಿತ್ತು.

ಎತ್ತರದಲ್ಲಿ ಕಟ್ಟಿದ ಪುನರ್ವಸತಿ ಊರಿನ ಅಂಚಿಗೆ ಗಾಡಿ ನಿಲ್ಲಿಸಿದೆವು. ಹುಡುಗರು ಮುತ್ತಿದರು. ಒಬ್ಬ ಅಜ್ಜಿ ಸುತ್ತು ಹಾಕಿ ನೋಡಿ, "ಯವ್ವಾ, ಮನೀಗೇ ಗಾಲಿ ಹಚ್ಚೀರಲ್ಲ!" ಎಂದಳು. ಎಲ್ಲವೂ ಒಳಗಿದೆ ಎಂದು ಬಾಡಿಗೆಗೆ ಕೊಟ್ಟವರು ಹೇಳಿದ್ದರು, ಆದರೆ ಟಾಕಿಯ ನೀರು ಒಂದು ದಿನಕ್ಕೇ ಮುಗಿಯಿತು. ಆ ಸೆಕೆಯಲ್ಲಿ ತಂಪು ಮಾಡುವ ಯಂತ್ರಕ್ಕೆ ಕರೆಂಟು ಬೇಕು. ಹಿಟ್ಟಿನ ಗಿರಣಿಯವರು ವೈರು ಎಳೆದುಕೊಟ್ಟರು, ಪಕ್ಕದ ಮನೆಯವರು ನಳದಿಂದ ಪೈಪು ಹಚ್ಚಿದರು. ದುಡ್ಡು ಕೇಳಲಿಲ್ಲ. "ಯಾರ ಪೈಕಿ?" ಎಂದು ಮಾತ್ರ ಕೇಳಿದರು. ಅಜ್ಜನ ಹೆಸರು ಹೇಳಿದ ಮೇಲೆ ಬೇರೆ ಪರಿಚಯ ಬೇಕಾಗಲಿಲ್ಲ.

ಬೆಳಗಿನ ಐದೂವರೆಗೆ ಅಪ್ಪನನ್ನು ಕರೆದುಕೊಂಡು ಕೆಳಗಿಳಿದೆವು. ನೀರು ಬಹಳ ಹಿಂದೆ ಸರಿದಿತ್ತು. ಬಿರಿದ ಕೆಸರಿನ ನೆಲದಲ್ಲಿ ಕುರಿಗಳು ಅಡ್ಡಾಡುತ್ತಿದ್ದವು. ಕಲ್ಲಿನ ಗೋಡೆಗಳ ಬುಡ, ಹಣಮಪ್ಪನ ಗುಡಿಯ ಕಟ್ಟೆ ಉಳಿದಿದ್ದವು. ಅಪ್ಪ ಕೋಲಿನಿಂದ ತೋರಿಸಿದರು: ಇಲ್ಲಿ ದನದ ಕೊಟ್ಟಿಗೆ, ಇಲ್ಲಿ ಹಗೇವು, ಇಲ್ಲಿ ಅವ್ವ ರೊಟ್ಟಿ ಬಡೀತಿದ್ದಳು. ಅಳಲಿಲ್ಲ. ಸ್ವಲ್ಪ ಹೊತ್ತು ನಿಂತು, "ನಡೀರಿ, ಮಂದಿ ಬರತಾರ" ಎಂದರು.

ಮಂದಿ ಬಂದರು. ಅವರ ಓರಗೆಯವರಲ್ಲಿ ಉಳಿದಿದ್ದ ಮೂವರು, ಅವರ ಮಕ್ಕಳು, ಮೊಮ್ಮಕ್ಕಳು. ಅಪ್ಪ ಬಾಗಿಲಲ್ಲಿ ನಿಂತು, "ಒಳಗ ಬರ್ರಿ, ಚಾ ಕುಡೀದ ಹೋಗಬ್ಯಾಡ್ರಿ" ಎಂದು ಒಬ್ಬೊಬ್ಬರನ್ನೇ ಕರೆದು ಕೂಡಿಸಿದರು. ನನ್ನ ಹೆಂಡತಿ ಎಷ್ಟು ಸಲ ಚಹಾ ಇಟ್ಟಳೋ ಲೆಕ್ಕವಿಲ್ಲ. ಇಪ್ಪತ್ತು ವರ್ಷಗಳಿಂದ ಈ ಊರಿನ ಮದುವೆ ಮಣ್ಣುಗಳಿಗೆ ಬಂದಾಗಲೆಲ್ಲ ಪರರ ಜಗಲಿಯ ಮೇಲೆ ಕೂತು ಹೋದವರು ಅಂದು ಯಜಮಾನರಾಗಿದ್ದರು. ಊರು ಕಳೆದುಕೊಂಡವನಿಗೆ ನಿಜವಾದ ಕೊರತೆ ಉಳಿಯಲು ಜಾಗವಿಲ್ಲದ್ದಲ್ಲ, ಬಂದವರಿಗೆ ಚಹಾ ಕೊಡಲು ಸ್ವಂತ ಹೊಸ್ತಿಲಿಲ್ಲದ್ದು ಎಂಬುದು ಅಂದು ನನಗೆ ತಿಳಿಯಿತು.

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಅದು. ಅದರ ನೀರು ಒಣ ಹೊಲಗಳನ್ನು ಹಸಿರು ಮಾಡಿದೆ, ಅದನ್ನು ಅಪ್ಪನೂ ಅಲ್ಲಗಳೆಯುವುದಿಲ್ಲ. ಈಗ 519.60 ಮೀಟರಿನವರೆಗೆ ನೀರು ನಿಲ್ಲುತ್ತದೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿದರೆ ಇನ್ನೂ ಕೆಲವು ಊರುಗಳು ಏಳಬೇಕು.

ನಮ್ಮ ಸಂಘದಲ್ಲಿ ಆ ಕಡೆಯ ಕುಟುಂಬಗಳು ಹಲವಿವೆ. ಅವರಿಗೊಂದು ಮಾತು: ಮನೆಯಲ್ಲಿ ಹಿರಿಯರಿದ್ದರೆ ಬೇಸಿಗೆಯಲ್ಲಿ, ಮಳೆಗೆ ಮುಂಚೆ, ಒಮ್ಮೆ ಕರೆದುಕೊಂಡು ಹೋಗಿ. ಕ್ಯಾರವಾನೇ ಆಗಬೇಕೆಂದಿಲ್ಲ, ಟೆಂಪೋ ಆದರೂ ಸಾಕು. ಒಂದು ಸ್ಟೋವು, ಚಹಾಪುಡಿ, ಸಕ್ಕರೆ ಮತ್ತು ಒಂದು ಡಜನ್ ಲೋಟ ಮಾತ್ರ ಮರೆಯಬೇಡಿ.