ಹಿಂಗಣೆಯ ದಾರಿ

ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಮಿರಜದ ಮಾರ್ಗವಾಗಿ ಪುಣೆಗೆ ಹೋಗುವ ರೈಲುದಾರಿ ಕನ್ನಡಿಗರಿಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮೇಲಿನ ವ್ಯಾಸಂಗಕ್ಕೆಂದು ಈ ದಾರಿಯನ್ನು ಹಿಡಿದ ತರುಣರು ಹಲವರು. ಪುಣೆಗೆ ಹೋದವರು ಶನಿವಾರವಾಡೆಯನ್ನು ನೋಡುತ್ತಾರೆ. ಪರ್ವತಿಯ ಗುಡ್ಡವನ್ನು ಹತ್ತುತ್ತಾರೆ. ಕಾಲಿನಲ್ಲಿ ಕಸುವಿದ್ದರೆ ಸಿಂಹಗಡಕ್ಕೂ ಹೋಗಿ ಬರುತ್ತಾರೆ. ಆದರೆ ವಯಸ್ಸು ಮೀರಿತೆಂದು ಪುಸ್ತಕವನ್ನು ಮುಚ್ಚಿಟ್ಟವರು ಅವಶ್ಯವಾಗಿ ನೋಡಬೇಕಾದ ಸ್ಥಳ ಅಲ್ಲಿ ಇನ್ನೊಂದುಂಟು. ಅದು ಮುಠಾ ನದಿಯ ಬದಿಯ ಹಿಂಗಣೆ.

ಹಿಂಗಣೆಯನ್ನು ಈಗ ಜನರು ಕರ್ವೆನಗರವೆಂದು ಕರೆಯುತ್ತಾರೆ. ಊರಿನ ನಡುವಿನಿಂದ ಪಶ್ಚಿಮಕ್ಕೆ ಕರ್ವೆ ರಸ್ತೆ ಹೋಗುತ್ತದೆ. 2022ರಿಂದ ಆ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ರೈಲು ಓಡುತ್ತಿದೆ. ಕೋಥರೂಡಿನಲ್ಲಿ ಕರ್ವೆಯವರ ಪ್ರತಿಮೆಯ ಬಳಿ ತಿರುಗಿ ಮುಂದೆ ಸಾಗಿದರೆ ಅವರು ಕಟ್ಟಿದ ಸಂಸ್ಥೆಯ ಆವರಣವು ಸಿಕ್ಕುತ್ತದೆ. ಇಕ್ಕೆಲಗಳಲ್ಲಿಯೂ ಮಹಡಿಮನೆಗಳು, ಅಂಗಡಿಗಳು, ವಾಹನಗಳ ಗದ್ದಲ. ನೂರಿಪ್ಪತ್ತೈದು ವರ್ಷಗಳ ಹಿಂದೆ ಇದು ಊರ ಹೊರಗಿನ ಬಯಲಾಗಿತ್ತೆಂದೂ, ಮಳೆಗಾಲದಲ್ಲಿ ಕೆಸರನ್ನು ತುಳಿದುಕೊಂಡು ಇಲ್ಲಿಗೆ ಬರಬೇಕಾಗುತ್ತಿತ್ತೆಂದೂ ನಂಬುವುದು ಕಷ್ಟ.

ಧೋಂಡೋ ಕೇಶವ ಕರ್ವೆಯವರು ಫರ್ಗ್ಯೂಸನ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1893ರಲ್ಲಿ ಅವರು ವಿಧವೆಯೊಬ್ಬರನ್ನು ವಿವಾಹವಾದುದಕ್ಕಾಗಿ ಸ್ವಂತ ಊರಾದ ಮುರುಡದವರು ಅವರಿಗೆ ಬಹಿಷ್ಕಾರ ಹಾಕಿದರು. 1896ರಲ್ಲಿ ಅವರು ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮವನ್ನು ಆರಂಭಿಸಿದರು. ರಾವ್ ಬಹಾದೂರ್ ಗಣೇಶ ಗೋವಿಂದ ಗೋಖಲೆಯವರು ಹಿಂಗಣೆಯಲ್ಲಿ 6 ಎಕರೆ ನೆಲವನ್ನೂ ಕಟ್ಟಡಕ್ಕೆಂದು 750 ರೂಪಾಯಿಗಳನ್ನೂ ದಾನವಾಗಿ ಕೊಟ್ಟ ಬಳಿಕ, 1900ರಲ್ಲಿ ಆಶ್ರಮವು ಅಲ್ಲಿನ ಒಂದು ಗುಡಿಸಲಿಗೆ ಬಂದಿತು. ಕರ್ವೆಯವರು ಹಗಲು ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ಕೆಲವು ಮೈಲಿ ನಡೆದು ಹಿಂಗಣೆಗೆ ಹೋಗಿ, ಅಲ್ಲಿಯೂ ಪಾಠ ಹೇಳುತ್ತಿದ್ದರು. ಆ ಗುಡಿಸಲನ್ನು ಈಗಲೂ ಸ್ಮಾರಕವಾಗಿ ಕಾಪಾಡಿಕೊಂಡು ಬಂದಿದ್ದಾರೆ. ಸುತ್ತಲಿನ ದೊಡ್ಡ ಕಟ್ಟಡಗಳ ನಡುವೆ ಅದು ಬಹು ಚಿಕ್ಕದಾಗಿ ಕಾಣುತ್ತದೆ.

ಆ ಕಾಲದ ವಿಧವೆಯ ವಯಸ್ಸನ್ನು ನಮ್ಮ ಲೆಕ್ಕದಿಂದ ಅಳೆಯಬಾರದು. ಎಂಟು ಹತ್ತು ವರ್ಷಕ್ಕೆ ಮದುವೆ, ಇಪ್ಪತ್ತಕ್ಕೆ ಮುಂಚೆಯೇ ವೈಧವ್ಯ. ಇಪ್ಪತ್ತೈದಾಗುವಷ್ಟರಲ್ಲಿ ಆಕೆಯ ಬಾಳು ಮುಗಿದುಹೋಯಿತೆಂದು ಮನೆಯವರು ನಿರ್ಣಯಿಸಿಬಿಡುತ್ತಿದ್ದರು. ಅಡಿಗೆಮನೆಯ ಮೂಲೆಯೊಂದೇ ಆಕೆಯ ಪಾಲಿಗೆ ಉಳಿಯುತ್ತಿತ್ತು. ಹಿಂಗಣೆಯು ಆ ಮುಗಿದ ಬಾಳಿಗೆ ಅಕ್ಷರದಿಂದ ಮತ್ತೆ ಮೊದಲು ಮಾಡಿಸಿತು.

ಕರ್ವೆಯವರು ಕೈಹಿಡಿದ ಆನಂದೀಬಾಯಿಯವರೇ ಇದಕ್ಕೆ ಮೊದಲ ನಿದರ್ಶನ. ಎಂಟನೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡಿದ್ದ ಅವರು, ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನದ ಮೊದಲ ವಿಧವಾ ವಿದ್ಯಾರ್ಥಿನಿ. ಆಗ ಅವರಿಗೆ ಇಪ್ಪತ್ತು ಮೀರಿತ್ತು. ಆ ರಮಾಬಾಯಿಯವರು 1858ರಲ್ಲಿ ಜನಿಸಿದುದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಅವರ ತಂದೆ ಅನಂತಶಾಸ್ತ್ರಿಗಳು ಕಾರ್ಕಳದ ಬಳಿಯ ಮಾಳದವರು. ಹೆಣ್ಣಿಗೆ ಸಂಸ್ಕೃತ ಕಲಿಸಿದರೆಂದು ನಿಂದೆಗೆ ಗುರಿಯಾದ ಆ ತಂದೆಯ ಹಟದ ಫಲವು ಹೀಗೆ ಸುತ್ತಿ ಸುತ್ತಿ ಹಿಂಗಣೆಯವರೆಗೂ ಹರಿದು ಬಂದಿತೆಂದು ಕನ್ನಡಿಗರು ಹೆಮ್ಮೆಪಡಬಹುದು.

ಆನಂದೀಬಾಯಿಯವರ ತಂಗಿ ಪಾರ್ವತೀಬಾಯಿ ಆಠವಲೆಯವರ ಕಥೆ ಇನ್ನೂ ಸೋಜಿಗದ್ದು. 1870ರಲ್ಲಿ ಕೊಂಕಣದ ದೇವರೂಖದಲ್ಲಿ ಹುಟ್ಟಿದ ಆಕೆ ಇಪ್ಪತ್ತನೆಯ ವಯಸ್ಸಿನಲ್ಲಿ ವಿಧವೆಯಾದರು. ಮಡಿಲಲ್ಲಿ ಒಬ್ಬ ಮಗ. ಇಪ್ಪತ್ತೈದು ದಾಟಿದ ಬಳಿಕ ಅಕ್ಕನ ಆಸರೆಯಲ್ಲಿ ಪುಣೆಗೆ ಬಂದು ಓದಿಗೆ ಕುಳಿತರು. ಕಲಿತು ಉಪಾಧ್ಯಾಯಿನಿಯಾದರು, ಆಶ್ರಮದ ಮೇಲ್ವಿಚಾರಕಿಯಾದರು, ಊರೂರು ತಿರುಗಿ ಭಾಷಣ ಮಾಡಿ ಆಶ್ರಮಕ್ಕೆ ಹಣವನ್ನು ಕೂಡಿಸಿದರು. ಇಷ್ಟಕ್ಕೇ ತೃಪ್ತರಾಗಿದ್ದರೆ ಯಾರೂ ಕುಂದೆನ್ನುತ್ತಿರಲಿಲ್ಲ. ಆದರೆ ಇಂಗ್ಲಿಷು ಬಾರದೆಂಬ ಕೊರತೆ ಅವರನ್ನು ಕೊರೆಯುತ್ತಿತ್ತು. ಅದನ್ನು ಕಲಿಯಲೆಂದೇ 1918ರಲ್ಲಿ, ನಲವತ್ತೆಂಟರ ಪ್ರಾಯದಲ್ಲಿ, ಅಮೆರಿಕಕ್ಕೆ ಹೊರಟರು. ಅಲ್ಲಿ ಪರರ ಮನೆಗಳಲ್ಲಿ ಮನೆಗೆಲಸ ಮಾಡಿ ಹೊಟ್ಟೆ ಹೊರೆದುಕೊಂಡು ಭಾಷೆಯನ್ನು ಕಲಿತರು. 1920ರಲ್ಲಿ ಮರಳಿ ಬಂದು ಮತ್ತೆ ಆಶ್ರಮದ ಕೆಲಸಕ್ಕೆ ನಿಂತರು. ತಮ್ಮ ಆತ್ಮಕಥೆಯನ್ನೂ ಮರಾಠಿಯಲ್ಲಿ ಬರೆದಿದ್ದಾರೆ.

ಹಿಂಗಣೆಯಲ್ಲಿ ಇದೆಲ್ಲ ಸಾಧ್ಯವಾದುದಾದರೂ ಹೇಗೆ? ವಯಸ್ಸಾದ ವಿದ್ಯಾರ್ಥಿಗೆ ಇರುವ ತೊಡಕುಗಳು ಮುಖ್ಯವಾಗಿ ಮೂರು. ಮನೆಯ ಭಾರ ಮೊದಲನೆಯದು. ಚಿಕ್ಕವರೊಡನೆ ಕುಳಿತು ಕಲಿಯುವ ನಾಚಿಕೆ ಎರಡನೆಯದು. ತಿಳಿಯದ ಭಾಷೆಯ ಭೀತಿ ಮೂರನೆಯದು. ಹಿಂಗಣೆಯಲ್ಲಿ ಊಟ ವಸತಿಗಳು ಪಾಠದೊಡನೆಯೇ ದೊರೆಯುತ್ತಿದ್ದವು. ಸಹಪಾಠಿಗಳು ತಮ್ಮಂತೆಯೇ ನೊಂದವರಾದುದರಿಂದ ನಾಚಿಕೆಗೆ ಎಡೆಯಿರಲಿಲ್ಲ. ಪಾಠವು ತಾಯ್ನುಡಿಯಲ್ಲಿ ನಡೆಯುತ್ತಿತ್ತು. ಜಪಾನಿನ ಮಹಿಳಾ ವಿಶ್ವವಿದ್ಯಾನಿಲಯವನ್ನು ಕುರಿತ ಪುಸ್ತಿಕೆಯೊಂದನ್ನು ಓದಿ, 1916ರಲ್ಲಿ ಕರ್ವೆಯವರು ಮಹಿಳಾ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದಾಗಲೂ ತಾಯ್ನುಡಿಯ ಆ ನಿಯಮವನ್ನು ಬಿಡಲಿಲ್ಲ. ಆಗ ಸ್ವತಃ ಅವರ ವಯಸ್ಸೇ ಐವತ್ತೆಂಟು! ಮೊದಲ ವಿದ್ಯಾರ್ಥಿನಿಯರು ಐವರು ಮಾತ್ರ. ಇಂದು ಅದು ಶ್ರೀಮತಿ ನಾಥೀಬಾಯಿ ದಾಮೋದರ ಠಾಕರಸೀ ವಿಶ್ವವಿದ್ಯಾನಿಲಯವೆಂಬ ಹೆಸರಿನಿಂದ ಮುಂಬಯಿಯಲ್ಲಿ ಬೆಳೆದು ನಿಂತಿದೆ. ಹಿಂಗಣೆಯ ಆವರಣದಲ್ಲಿಯಾದರೋ 1991ರಿಂದ ಹೆಣ್ಣುಮಕ್ಕಳ ಇಂಜಿನಿಯರಿಂಗ್ ಕಾಲೇಜೇ ನಡೆಯುತ್ತಿದೆ.

ಇಂಥ ಉದಾಹರಣೆಗೆ ನಾವು ಹೊರನಾಡಿಗೇ ಹೋಗಬೇಕೆಂದಿಲ್ಲ. ಫರ್ಗ್ಯೂಸನ್ ಕಾಲೇಜಿನಲ್ಲಿಯೇ ಓದಿದ್ದ ಬೇಂದ್ರೆಯವರು ಎಂ.ಎ. ಪದವಿಯನ್ನು ಪಡೆದುದು 1935ರಲ್ಲಿ, ನಲವತ್ತಕ್ಕೆ ಒಂದೇ ವರ್ಷ ಉಳಿದಿದ್ದಾಗ. ಆ ಮೇಲೆ 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾದರು. ಇಂದು ದಾರಿಯು ಇನ್ನೂ ಸುಗಮವಾಗಿದೆ. ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮನೆಯಲ್ಲಿದ್ದುಕೊಂಡೇ ಓದುವವರಿಗಾಗಿ ಇರುವಂಥದು.

ಆದರೆ ಬಾಗಿಲು ತೆರೆದಿದ್ದರೆ ಸಾಲದು. ಹೊಸಿಲು ದಾಟಲು ಮನೆಯವರು ಬಿಡಬೇಕು. ನಲವತ್ತರ ಗೃಹಿಣಿಯೊಬ್ಬಳು ಮತ್ತೆ ಓದುತ್ತೇನೆಂದರೆ ‘ಈಗೇಕೆ?’ ಎಂಬ ಪ್ರಶ್ನೆ ನಗುವಿನ ಜೊತೆಗೆ ಬರುತ್ತದೆ. ಕೆಲಸ ಕಳೆದುಕೊಂಡ ಗೃಹಸ್ಥನು ಹೊಸ ವಿದ್ಯೆಗೆ ತೊಡಗಿದರೂ ನೆರೆಹೊರೆಯವರು ಅದನ್ನೇ ಕೇಳುತ್ತಾರೆ. ಎಳೆಯರ ಜ್ಞಾಪಕಶಕ್ತಿ ಹಿರಿಯರಿಗೆ ಇರಲಾರದು, ನಿಜ. ಆದರೆ ತಾನು ಏತಕ್ಕೆ ಕಲಿಯುತ್ತಿದ್ದೇನೆಂಬುದು ಹಿರಿಯರಿಗೆ ತಿಳಿದಿರುತ್ತದೆ. ಕಳೆದುಹೋದ ದಿನಗಳ ಬೆಲೆಯೂ ತಿಳಿದಿರುತ್ತದೆ. ಪರೀಕ್ಷೆಯ ಶುಲ್ಕಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಾದುದು ದಿನಕ್ಕೆ ಎರಡು ಗಂಟೆಯ ನಿಶ್ಚಿಂತೆಯ ಬಿಡುವು. ಅಷ್ಟು ಹೊತ್ತು ಅಡಿಗೆಯನ್ನೋ ಮಕ್ಕಳನ್ನೋ ಬೇರೊಬ್ಬರು ನೋಡಿಕೊಂಡರೆ, ಆ ಮನೆಯೇ ಒಂದು ಚಿಕ್ಕ ಹಿಂಗಣೆಯಾಗುವುದು.